ಆಯಿಲ್ ಲೈಟ್ ಆರುತ್ತಿಲ್ವಾ? ಸೆನ್ಸರ್ ಬದಲಿಸುವ ಮೊದಲು ಇಷ್ಟು ಮಾಡಿ

ಹೋದ ಎರಡು ತಿಂಗಳಲ್ಲಿ ಪುಣೆಯ ನಮ್ಮ ಕನ್ನಡದವರಲ್ಲೇ ನಾಲ್ಕು ಜನ ಒಂದೇ ಗೋಳು ಹೇಳಿಕೊಂಡು ಫೋನ್ ಮಾಡಿದರು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟ್ ಉರಿಯುತ್ತಿದೆ. ಆಯಿಲ್ ಹಾಕಿಸಿದರೂ ಆರಲಿಲ್ಲ, ಸೆನ್ಸರ್ ಹೊಸದು ಹಾಕಿಸಿದರೂ ಆರಲಿಲ್ಲ. ನಾಲ್ವರೂ ಎಡವಿದ್ದು ಒಂದೇ ಕಡೆ. ಆಯಿಲಿನ ಪ್ರೆಶರ್ ಎಷ್ಟಿದೆ ಅಂತ ಯಾರೂ ಅಳೆದು ನೋಡಿರಲಿಲ್ಲ. ಅಷ್ಟರಲ್ಲಿ ಒಬ್ಬರ ಎಂಜಿನ್ ಒಳಗೇ ಬಿಗಿದುಕೊಂಡು ಸೀಜ್ ಆಗಿತ್ತು.

ಕೆಂಪು ಲೈಟ್ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ. ಪಂಪ್ ಆ ಆಯಿಲನ್ನು ಬೇರಿಂಗುಗಳಿಗೆ ಸರಿಯಾಗಿ ತಳ್ಳುತ್ತಿದೆಯೋ ಇಲ್ಲವೋ ಎಂದು ಹೇಳುತ್ತದೆ. ಸೊಸೈಟಿಯ ಕೆಳಗಿನ ಟ್ಯಾಂಕಿನಲ್ಲಿ ನೀರು ತುಂಬಿದ್ದರೂ ಪಂಪ್ ಕೆಟ್ಟರೆ ಮೂರನೇ ಮಹಡಿಯ ನಲ್ಲಿಯಲ್ಲಿ ಬರೀ ಗಾಳಿ ಬರುತ್ತದಲ್ಲ, ಹಾಗೆ. ಅದಕ್ಕೇ ‘ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿದೆ, ಆಯಿಲ್ ಫುಲ್ ಇದೆ, ಏನೂ ಆಗಲ್ಲ’ ಎಂದು ಓಡಿಸುವವರೇ ಜಾಸ್ತಿ ಪೆಟ್ಟು ತಿನ್ನುತ್ತಾರೆ.

ಲೈಟ್ ಹಳದಿಯಾಗಿದ್ದರೆ ಅದು ಬೇರೆ ಮಾತು. ಕೆಲವು ಕಾರುಗಳಲ್ಲಿ ಅದು ಆಯಿಲ್ ಮಟ್ಟ ಇಳಿದಿದೆ ಎಂಬ ಸೂಚನೆ, ಕೆಲವುಗಳಲ್ಲಿ ಆಯಿಲ್ ಬದಲಿಸುವ ಹೊತ್ತಾಯಿತು ಎಂಬ ನೆನಪು. ಮಾಲೀಕರ ಕೈಪಿಡಿ ತೆಗೆದು ನೋಡಿ. ಇಲ್ಲಿಂದ ಮುಂದೆ ಹೇಳುವುದೆಲ್ಲ ಕೆಂಪು ಲೈಟಿನ ಬಗ್ಗೆ.

ಕೈಯಲ್ಲಿ ಏನೇನು ಇರಬೇಕು

ಹಳೇ ಬನಿಯನ್ ಬಟ್ಟೆ, ಟಾರ್ಚ್, ಮಲ್ಟಿಮೀಟರ್, ನಿಮ್ಮ ಕಾರಿನ ಕೈಪಿಡಿ, ಅದರಲ್ಲಿ ಬರೆದ ಗ್ರೇಡಿನ ಒಂದು ಲೀಟರ್ ಆಯಿಲ್. ಕಾರಿನ ಕೆಳಗೆ ನುಗ್ಗುವುದಾದರೆ ಜಾಕ್ ಜೊತೆಗೆ ಎರಡು ಸ್ಟ್ಯಾಂಡ್ ಬೇಕೇ ಬೇಕು. ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ, ಇಟ್ಟಿಗೆ ಕೊಟ್ಟು ಮಲಗುವುದಂತೂ ಬೇಡವೇ ಬೇಡ.

ಇನ್ನೊಂದು ಸಾಮಾನು ಇದೆ, ಎಲ್ಲರೂ ಬಿಟ್ಟುಬಿಡುವಂಥದ್ದು. ಮುಳ್ಳಿರುವ ಆಯಿಲ್ ಪ್ರೆಶರ್ ಗೇಜ್. ಉದ್ದ ಹೋಸ್ ಮತ್ತು ಬೇರೆ ಬೇರೆ ಥ್ರೆಡ್ಡಿನ ಅಡಾಪ್ಟರ್‌ಗಳ ಸಮೇತ ಸೆಟ್ ಆಗಿಯೇ ಸಿಗುತ್ತದೆ. ಪುಣೆಯಲ್ಲಿ ಗಾಡಿ ಸಾಮಾನಿಗೆ ನಾನಾ ಪೇಠೆ ಇದ್ದೇ ಇದೆ, ಅಲ್ಲಿ ವಿಚಾರಿಸಿ. ಕೊಳ್ಳುವುದು ಬೇಡ ಎನ್ನಿಸಿದರೆ, ಅದನ್ನು ಇಟ್ಟುಕೊಂಡಿರುವ ಗ್ಯಾರೇಜ್ ಹುಡುಕಿ. ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ.

ಹಂತ 1: ನಿಲ್ಲಿಸಿ, ಆಫ್ ಮಾಡಿ

ಓಡುವಾಗ ಕೆಂಪು ಲೈಟ್ ಬಂತೆಂದರೆ ಮೊದಲು ಎಡಕ್ಕೆ ಬಂದು ಗಾಡಿ ನಿಲ್ಲಿಸಿ, ಆಮೇಲೆ ಎಂಜಿನ್ ಆಫ್ ಮಾಡಿ. ಈ ಕ್ರಮ ತಪ್ಪಬಾರದು. ಓಡುತ್ತಿರುವಾಗಲೇ ಚಾವಿ ತಿರುಗಿಸಿದರೆ ಸ್ಟೀರಿಂಗ್ ಭಾರವಾಗುತ್ತದೆ, ನಾಲ್ಕೈದು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ. ಖಂಡಾಲಾ ಘಾಟಿನಲ್ಲೋ ಖಂಬಾಟಕಿ ಘಾಟಿನಲ್ಲೋ ಈ ಸಾಹಸ ಬೇಡ.

ನಿಲ್ಲಿಸಿದ ಮೇಲೆ ಹಝಾರ್ಡ್ ಲೈಟ್ ಹಾಕಿ, ತ್ರಿಕೋನ ಇಟ್ಟು, ಎಲ್ಲರೂ ಇಳಿದು ರೇಲಿಂಗಿನ ಆಚೆ ನಿಂತುಕೊಳ್ಳಿ. ಸಾತಾರಾ–ಕೊಲ್ಹಾಪುರ ಕಡೆಯ ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬಹುದು.

‘ಇನ್ನು ಹತ್ತೇ ಕಿಲೋಮೀಟರ್, ನಿಪ್ಪಾಣಿ ಬಂತು’ ಎಂದು ಓಡಿಸಬೇಡಿ. ಪ್ರೆಶರ್ ನಿಜವಾಗಿಯೂ ಹೋಗಿದ್ದರೆ ಬೇರಿಂಗ್ ಸುಡುವುದಕ್ಕೆ ಕೆಲವೇ ನಿಮಿಷ ಸಾಕು. ಟೋಯಿಂಗ್ ಖರ್ಚು ಎಷ್ಟೇ ಆದರೂ ಎಂಜಿನ್ ಕೆಲಸದ ಮುಂದೆ ಅದು ಚಿಲ್ಲರೆ ಕಾಸು.

ಹಂತ 2: ಲೈಟ್ ಯಾವಾಗ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ

ಇದು ಕೆಲಸವೇ ಅಲ್ಲ ಎನ್ನಿಸುತ್ತದೆ. ಅರ್ಧ ರೋಗ ಸಿಕ್ಕುವುದು ಇಲ್ಲೇ.

ಚಾವಿ ಆನ್ ಮಾಡಿದಾಗ ಲೈಟ್ ಬಂದು, ಎಂಜಿನ್ ಚಾಲೂ ಆದ ಎರಡು ಮೂರು ಸೆಕೆಂಡಿನಲ್ಲಿ ಆರಿದರೆ ಎಲ್ಲ ಸರಿ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಮಾತ್ರ ಐದಾರು ಸೆಕೆಂಡ್ ಉರಿದು ಆರಿದರೆ ಫಿಲ್ಟರ್ ಮೇಲೆ ಅನುಮಾನ ಪಡಿ. ಒಳ್ಳೆಯ ಫಿಲ್ಟರಿನೊಳಗೆ ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗಿ ಕೆಲಸ ಬಿಡುತ್ತದೆ.

ತಿರುವಿನಲ್ಲಿ, ಬ್ರೇಕ್ ಹಾಕಿದಾಗ, ಘಾಟ್ ಇಳಿಯುವಾಗ ಮಿಣುಕಿದರೆ ಆಯಿಲ್ ಕಮ್ಮಿ ಇದೆ. ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುತ್ತಿರುತ್ತದೆ. ಹಿಂಜೇವಾಡಿಯ ಟ್ರಾಫಿಕ್‌ನಲ್ಲಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡ್ಲಿಂಗ್‌ನಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಮಾತ್ರ ಬಂದು, ಸ್ವಲ್ಪ ರೇಸ್ ಕೊಟ್ಟರೆ ಆರಿದರೆ ಆಯಿಲ್ ತೆಳುವಾಗಿದೆ, ಇಲ್ಲವೇ ಬೇರಿಂಗ್ ಸವೆದಿದೆ, ಇಲ್ಲವೇ ಸ್ವಿಚ್ ಹಾಳಾಗಿದೆ. ಊರೊಳಗೆ ಏನೂ ಇಲ್ಲದೆ, ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಹೋಗುವಾಗ ಬಂದರೆ ಪಂಪಿನ ಬಾಯಿಯ ಜಾಲರಿ ಕಟ್ಟಿಕೊಂಡಿರಬಹುದು. ನಿನ್ನೆ ಸರ್ವಿಸ್ ಆಗಿ ಇವತ್ತು ಬಂತೆಂದರೆ ನಿನ್ನೆಯ ಕೆಲಸದಲ್ಲೇ ತಪ್ಪಿದೆ, ಬೇರೆಲ್ಲೂ ಹುಡುಕಬೇಡಿ.

ಇವುಗಳ ಜೊತೆಗೆ ಎಂಜಿನ್ನಿನಿಂದ ಟಕಟಕ ಸದ್ದೋ, ಕೆಳಗಿನಿಂದ ಗುದ್ದಿದಂಥ ಸದ್ದೋ ಬರುತ್ತಿದ್ದರೆ ಮುಂದಿನ ಹಂತ ಯಾವುದನ್ನೂ ಮನೆಯಲ್ಲಿ ಮಾಡಬೇಡಿ. ಮತ್ತೆ ಸ್ಟಾರ್ಟ್ ಮಾಡದೆ ಗಾಡಿ ಎತ್ತಿಸಿಕೊಂಡು ಹೋಗಿ.

ಹಂತ 3: ಡಿಪ್‌ಸ್ಟಿಕ್

ಗಾಡಿ ಸಮತಟ್ಟು ಜಾಗದಲ್ಲಿ ಇರಲಿ. ಬೇಸ್‌ಮೆಂಟಿನ ಇಳಿಜಾರು ನಡೆಯುವುದಿಲ್ಲ. ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಇಳಿಯಬೇಕು. ಕಡ್ಡಿ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ಎರಡೂ ಮಗ್ಗುಲು ನೋಡಿ.

ಕೆಳಗಿನ ಗುರುತಿಗಿಂತ ಕಮ್ಮಿ ಇದ್ದರೆ ಕಾಲು ಕಾಲು ಲೀಟರಿನಂತೆ ಹಾಕುತ್ತಾ ನೋಡುತ್ತಾ ಹೋಗಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ, ಸಣ್ಣ ಕಾರುಗಳಲ್ಲಿ ಇನ್ನೂ ಕಮ್ಮಿ. ಮೇಲಿನ ಗುರುತು ದಾಟಿಸಬೇಡಿ. ಆಯಿಲ್ ಜಾಸ್ತಿಯಾದರೆ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ, ನೊರೆಗೆ ಪ್ರೆಶರ್ ನಿಲ್ಲುವುದಿಲ್ಲ.

ಆಯಿಲ್ ಹಾಕಿದ ಮೇಲೆ ಲೈಟ್ ಆರಿತು ಅಂದುಕೊಳ್ಳಿ. ಅಲ್ಲಿಗೆ ಮುಗಿಯಲಿಲ್ಲ. ಆಯಿಲ್ ಹೋದದ್ದು ಎಲ್ಲಿಗೆ? ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಫಿಲ್ಟರ್, ಡ್ರೇನ್ ಬೋಲ್ಟ್, ಟ್ಯಾಪೆಟ್ ಕವರ್ ಸುತ್ತ ಟಾರ್ಚ್ ಹಿಡಿದು ನೋಡಿ. ಎಲ್ಲೂ ಒದ್ದೆ ಇಲ್ಲದೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ.

ಈಗ ಕಡ್ಡಿಯ ಮೇಲಿನ ಆಯಿಲಿನ ರೂಪ ನೋಡಿ. ಹಾಲು ಹಾಕಿದ ಕಾಫಿಯಂತಿದ್ದರೆ ಒಳಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಆಯಿಲ್ ಕೂಲರ್ ಒಡೆದಿರಬಹುದು. ಮುಂಬಯಿಯಲ್ಲಿ ಮಳೆಗಾಲದ ನೆರೆಯಲ್ಲಿ ಗಾಡಿ ಮುಳುಗಿದ್ದರೆ ಕಾರಣ ಹುಡುಕುವುದೇ ಬೇಡ. ಸ್ಟಾರ್ಟ್ ಮಾಡಬೇಡಿ, ಅಷ್ಟೇ. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಮಾತ್ರ ಸ್ವಲ್ಪ ಬಿಳಿ ಕೆನೆ ಇದ್ದು ಕಡ್ಡಿ ಸ್ವಚ್ಛವಾಗಿದ್ದರೆ ಹೆದರಬೇಡಿ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಮಳೆಗಾಲಕ್ಕೆ ಅದು ಬರುತ್ತದೆ.

ಬಿಎಸ್6 ಡೀಸೆಲ್ ಗಾಡಿಯವರು ಇನ್ನೊಂದು ನೋಡಿ. ಏನೂ ಹಾಕದೆ ಆಯಿಲ್ ಮಟ್ಟ ಏರಿದೆಯೇ? ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಇದೆಯೇ? ಹೊಗೆಯ ಮಸಿ ಸುಡುವ ಫಿಲ್ಟರಿಗಾಗಿ ಎಂಜಿನ್ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ಬರೀ ಊರೊಳಗಿನ ಓಡಾಟದಲ್ಲಿ ಆ ಸುಡುವ ಕೆಲಸ ಅರ್ಧಕ್ಕೇ ನಿಂತು, ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಅಂಥ ಆಯಿಲ್ ನೀರಾಗಿರುತ್ತದೆ, ಕಾದ ಮೇಲೆ ಲೈಟ್ ಬರದೆ ಏನು ಮಾಡೀತು?

ಸಿಎನ್‌ಜಿಯವರ ತಪ್ಪು ಬೇರೆ ಥರದ್ದು. ಗ್ಯಾಸಿನಲ್ಲಿ ಮಸಿ ಕಮ್ಮಿ, ಆಯಿಲ್ ಬೇಗ ಕಪ್ಪಾಗುವುದಿಲ್ಲ. ‘ಇನ್ನೂ ಜೇನಿನ ಬಣ್ಣ ಇದೆ’ ಎಂದು ಹತ್ತು ಸಾವಿರದ ಆಯಿಲನ್ನು ಇಪ್ಪತ್ತು ಸಾವಿರಕ್ಕೆ ಎಳೆಯುತ್ತಾರೆ. ಬಣ್ಣ ನೋಡಿ ಆಯಿಲ್ ಅಳೆಯಬೇಡಿ, ಕಿಲೋಮೀಟರ್ ನೋಡಿ.

ಹಂತ 4: ಕೊನೆಯ ಸರ್ವಿಸ್ ಬಿಲ್ ತೆಗೆಯಿರಿ

ಬಿಲ್ಲಿನಲ್ಲಿ ಮೂರು ನೋಡಬೇಕು. ಯಾವ ಗ್ರೇಡ್ ಹಾಕಿದ್ದಾರೆ, ಎಷ್ಟು ಲೀಟರ್ ಹಾಕಿದ್ದಾರೆ, ಯಾವ ಫಿಲ್ಟರ್. ಕೈಪಿಡಿಯಲ್ಲಿ 5ಡಬ್ಲ್ಯೂ-30 ಎಂದಿದ್ದು ಅದಕ್ಕಿಂತ ತೆಳುವಾದ 0ಡಬ್ಲ್ಯೂ-16 ಬಿದ್ದಿದ್ದರೆ ಕಾದ ಎಂಜಿನ್ನಿನಲ್ಲಿ ಪ್ರೆಶರ್ ಇಳಿಯುವುದು ಸಹಜ.

ಫಿಲ್ಟರ್ ಬದಲಿಸುವಾಗ ನಡೆಯುವ ಒಂದು ಎಡವಟ್ಟು ಗೊತ್ತಿರಲಿ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಹೊಸ ಫಿಲ್ಟರ್ ಅದರ ಮೇಲೇ ಕೂರುತ್ತದೆ. ಎರಡು ರಿಂಗ್ ಸೇರಿದರೆ ಹಿಡಿತ ಇರುವುದಿಲ್ಲ, ದಾರಿಯಲ್ಲಿ ಜಾರಿ ಆಯಿಲೆಲ್ಲ ಸುರಿದು ಹೋಗುತ್ತದೆ.

ಆಯಿಲ್ ಹಳೆಯದಾಗಿದ್ದರೆ, ಇಲ್ಲವೇ ಅನುಮಾನವಿದ್ದರೆ, ಈಗಲೇ ಆಯಿಲ್ ಮತ್ತು ಫಿಲ್ಟರ್ ಎರಡೂ ಬದಲಿಸಿ. ಆದರೆ ಎಂಜಿನ್ನಿನ ಒಳಗೆ ತೊಳೆಯುವ ಎಂಜಿನ್ ಫ್ಲಶ್ ಹಾಕಿಸಬೇಡಿ. ಒಳಗೆ ಕೂತಿರುವ ಕೆಸರು ಒಮ್ಮೆಗೇ ಎದ್ದು ಜಾಲರಿಗೆ ಬಡಿದರೆ ಇದ್ದ ಪ್ರೆಶರೂ ಹೋಗುತ್ತದೆ.

ಹಂತ 5: ವೈರು ಮತ್ತು ಸ್ವಿಚ್

ಎಲ್ಲರೂ ಸೆನ್ಸರ್ ಎನ್ನುವ ಸಾಮಾನು ಬಹಳಷ್ಟು ಕಾರುಗಳಲ್ಲಿ ಬರೀ ಒಂದು ಸ್ವಿಚ್. ಒಂದೇ ವೈರು. ಪ್ರೆಶರ್ ಇಲ್ಲದಾಗ ಒಳಗೆ ಕೂಡಿಕೊಂಡು ಲೈಟ್ ಉರಿಸುತ್ತದೆ. ಸುಮಾರು 4ರಿಂದ 7 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ) ಪ್ರೆಶರ್ ಬಂದಾಗ ಬಿಟ್ಟುಕೊಂಡು ಲೈಟ್ ಆರಿಸುತ್ತದೆ. ಅಂದರೆ ಲೈಟ್ ಉರಿಯುವ ಹೊತ್ತಿಗೆ ಪ್ರೆಶರ್ ‘ಕಮ್ಮಿ’ ಆಗಿಲ್ಲ, ಬಹುಪಾಲು ಹೋಗೇ ಬಿಟ್ಟಿದೆ.

ಎಂಜಿನ್ ಆಫ್ ಇರಲಿ, ಚಾವಿ ಮಾತ್ರ ಆನ್ ಮಾಡಿ. ಲೈಟ್ ಉರಿಯುತ್ತದೆ. ಸ್ವಿಚ್ಚಿನ ಕನೆಕ್ಟರ್ ಕಿತ್ತು ನೋಡಿ. ಆಗಲೂ ಉರಿಯುತ್ತಲೇ ಇದ್ದರೆ ವೈರು ಎಲ್ಲೋ ಉಜ್ಜಿ ಗಾಡಿಯ ಲೋಹದ ಮೈಗೆ ತಾಗುತ್ತಿದೆ. ಇಲಿ ಕಡಿದಿರುವುದೂ ಉಂಟು, ಬೇಸ್‌ಮೆಂಟಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಮೊದಲು ಅದನ್ನೇ ನೋಡಿ. ಕಿತ್ತಾಗ ಆರಿದರೆ ವೈರು ಸರಿ ಇದೆ.

ಎಲ್ಲರೂ ಜಾರುವುದು ಇಲ್ಲಿ. ‘ಕನೆಕ್ಟರ್ ಕಿತ್ತಾಗ ಲೈಟ್ ಆರಿತು, ಹಾಗಾದರೆ ಸ್ವಿಚ್ಚೇ ಕೆಟ್ಟಿದೆ’ ಎನ್ನುತ್ತಾರೆ. ಅಲ್ಲ. ಪ್ರೆಶರ್ ನಿಜವಾಗಿ ಇಲ್ಲದಿದ್ದರೂ ಕಿತ್ತಾಗ ಲೈಟ್ ಆರುತ್ತದೆ. ಈ ಪರೀಕ್ಷೆ ವೈರಿನ ಸುದ್ದಿ ಹೇಳುತ್ತದೆ, ಎಂಜಿನ್ನಿನದಲ್ಲ.

ಕನೆಕ್ಟರಿನೊಳಗೆ ಆಯಿಲ್ ತುಂಬಿಕೊಂಡಿದ್ದರೆ ಮಾತ್ರ ಸ್ವಿಚ್ ಒಳಗೆ ಸೋರುತ್ತಿದೆ, ಬದಲಿಸಲೇಬೇಕು. ಬದಲಿಸಿದರೂ ಪ್ರೆಶರ್ ಅಳೆಯುವುದು ತಪ್ಪುವುದಿಲ್ಲ. ಹೊಸದನ್ನು ಕೂರಿಸುವಾಗ ಥ್ರೆಡ್ಡಿಗೆ ಪ್ಲಂಬರ್ ಟೇಪ್ ಸುತ್ತಬೇಡಿ. ಒಂದು ವೈರಿನ ಸ್ವಿಚ್ಚಿಗೆ ಅರ್ಥ್ ಸಿಗುವುದೇ ಆ ಥ್ರೆಡ್ಡಿನಿಂದ. ಟೇಪ್ ಅಡ್ಡ ಬಂದರೆ ಲೈಟ್ ಯಾವತ್ತೂ ಉರಿಯದೆ ಹೋಗಬಹುದು.

ಹೊಸ ಕಾರುಗಳಲ್ಲಿ ಎರಡು ಮೂರು ವೈರಿನ ಸೆನ್ಸರ್ ಇದ್ದು, ಲೈಟ್ ಉರಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಅಲ್ಲಿ ಕನೆಕ್ಟರ್ ಆಟ ನಡೆಯುವುದಿಲ್ಲ, ಸ್ಕ್ಯಾನರ್ ಹಾಕಿಸಿ. ಸ್ಕ್ಯಾನರಿನಲ್ಲಿ ಪಿ0520, ಪಿ0522, ಪಿ0523 ಎಂಬ ಕೋಡ್ ಬಂದರೆ ಗಮನ ಸೆನ್ಸರ್ ಮತ್ತು ವೈರಿನ ಕಡೆ ಇರಲಿ. ಪಿ0524 ಬಂದರೆ ಪ್ರೆಶರೇ ಕಮ್ಮಿ ಎಂದು ಗಾಡಿ ಹೇಳುತ್ತಿದೆ. ಎರಡರಲ್ಲೂ ಮುಂದಿನ ಹಂತ ಒಂದೇ.

ಹಂತ 6: ಗೇಜ್ ಹಾಕಿ ಅಳೆಯಿರಿ

ಇಲ್ಲಿಯವರೆಗಿನದೆಲ್ಲ ಊಹೆ. ತೀರ್ಪು ಬರುವುದು ಗೇಜಿನಿಂದ.

ಪುಣೆಯ ಗ್ಯಾರೇಜುಗಳಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠವಾದ ಮಾತು ಒಂದಿದೆ: ‘ಕಾಹೀ ನಾಹೀ ಸಾಹೇಬ್, ಸೆನ್ಸರ್ ಗೇಲಾಯ್’ (ಏನಿಲ್ಲ ಸಾಹೇಬ್ರೇ, ಸೆನ್ಸರ್ ಹೋಗಿದೆ). ಅದಕ್ಕೆ ನಿಮ್ಮ ಉತ್ತರ ಹೀಗಿರಲಿ: ‘ಆಧೀ ಗೇಜ್ ಲಾವೂನ್ ಪ್ರೆಶರ್ ಬಘಾ’ (ಮೊದಲು ಗೇಜ್ ಹಾಕಿ ಪ್ರೆಶರ್ ನೋಡಿ). ಅಷ್ಟು ಮರಾಠಿ ಸಾಕು.

ಎಂಜಿನ್ ತಣ್ಣಗಿದ್ದಾಗ ಸ್ವಿಚ್ ಬಿಚ್ಚಿ, ಕೆಳಗೆ ಬಟ್ಟೆ ಹಿಡಿಯಿರಿ, ಸ್ವಲ್ಪ ಆಯಿಲ್ ಸೋರುತ್ತದೆ. ಅದೇ ತೂತಿಗೆ ಸರಿಯಾದ ಅಡಾಪ್ಟರ್ ಹಾಕಿ. ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಿಸಬೇಕು. ಸ್ಪ್ಯಾನರಿನಿಂದ ಶುರು ಮಾಡಿದರೆ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ ಹಾಳಾಗುತ್ತದೆ. ಹೋಸ್ ಬೆಲ್ಟಿಗೆ, ಫ್ಯಾನಿಗೆ, ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ.

ಇಬ್ಬರು ಬೇಕು. ಒಬ್ಬರು ಚಾವಿಯ ಹತ್ತಿರ, ಇನ್ನೊಬ್ಬರು ಮುಳ್ಳಿನ ಮೇಲೆ ಕಣ್ಣಿಟ್ಟು. ಸ್ಟಾರ್ಟ್ ಮಾಡಿ ಐದು ಸೆಕೆಂಡಿನಲ್ಲಿ ಮುಳ್ಳು ಏಳಲಿಲ್ಲವೆಂದರೆ ತಕ್ಷಣ ಆಫ್. ಎದ್ದರೆ ತಣ್ಣಗಿನ ಲೆಕ್ಕ ಬರೆದುಕೊಳ್ಳಿ. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೆ ಓಡಲು ಬಿಟ್ಟು, ಕಾದ ಮೇಲೆ ಐಡ್ಲಿಂಗ್‌ನ ಲೆಕ್ಕ, ಆಮೇಲೆ 2500 ಆರ್‌ಪಿಎಂನ ಲೆಕ್ಕ ತೆಗೆದುಕೊಳ್ಳಿ. ಕಾಯಿಸದೆ ಅಳೆದರೆ ಅಳತೆ ಸುಳ್ಳು, ಯಾಕೆಂದರೆ ತಣ್ಣನೆಯ ದಪ್ಪ ಆಯಿಲ್ ಸವೆದ ಎಂಜಿನ್ನಿನಲ್ಲೂ ಚೆನ್ನಾಗಿ ಪ್ರೆಶರ್ ತೋರಿಸುತ್ತದೆ.

ಸರಿಯಾದ ಅಂಕಿ ಆಯಾ ಎಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಅದು ಸಿಗದಿದ್ದರೆ ಹಳೇ ಮೆಕ್ಯಾನಿಕ್‌ಗಳ ಲೆಕ್ಕ ಹಿಡಿಯಿರಿ: ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಗ್ಯಾರೇಜಿನವರು ‘ಒಂದು ಕೆಜಿ’ ಎಂದರೆ ಹೆಚ್ಚುಕಮ್ಮಿ 1 ಬಾರ್, ಅಂದರೆ ಸುಮಾರು 14 ಪಿಎಸ್‌ಐ.

ಕಾದ ಐಡ್ಲಿಂಗ್‌ನಲ್ಲಿ 15ರ ಮೇಲಿದ್ದು, 2500ರಲ್ಲಿ 35–60 ತೋರಿಸಿದರೆ ಎಂಜಿನ್ ಗಟ್ಟಿಯಾಗಿದೆ. ಈಗ ಧೈರ್ಯವಾಗಿ ಸ್ವಿಚ್ ಬದಲಿಸಿ. ಕಂಪನಿಯ ಸ್ವಿಚ್ಚನ್ನೇ ಹಾಕಿ, ಅಗ್ಗದ ನಕಲು ಆರು ತಿಂಗಳಿಗೆ ಮತ್ತೆ ಇದೇ ಹಂತಕ್ಕೆ ತಂದು ನಿಲ್ಲಿಸುತ್ತದೆ.

ತಣ್ಣಗೆ 50 ಇದ್ದು, ಕಾದ ಮೇಲೆ ಐಡ್ಲಿಂಗ್‌ನಲ್ಲಿ 7ಕ್ಕೆ ಇಳಿದರೆ ಆಯಿಲ್ ತೆಳುವಾಗಿದೆ ಅಥವಾ ಬೇರಿಂಗ್ ಸವೆದಿದೆ. ಹೊಸ ಆಯಿಲ್ ಹಾಕಿ ಮತ್ತೆ ಅಳೆಯಿರಿ, ಆಗಲೂ ಹಾಗೇ ಇದ್ದರೆ ಬೇರಿಂಗ್. ತಣ್ಣಗೂ ಕಮ್ಮಿ, ಬಿಸಿಗೂ ಕಮ್ಮಿ, ರೇಸ್ ಕೊಟ್ಟರೂ ಏರದಿದ್ದರೆ ಜಾಲರಿ, ಹೆಚ್ಚಾದ ಪ್ರೆಶರ್ ಬಿಡುವ ರಿಲೀಫ್ ವಾಲ್ವ್ ಅಥವಾ ಪಂಪ್. ಮೊದಲು ಚೆನ್ನಾಗಿದ್ದು ರೇಸ್ ಹಿಡಿದಂತೆ ಇಳಿಯುತ್ತಾ ಬಂದರೆ ಜಾಲರಿಯೇ ಕಟ್ಟಿದೆ ಎನ್ನಬಹುದು. ಮುಳ್ಳು ನಿಲ್ಲದೆ ನಡುಗುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿದೆ, ಪೈಪಿನ ಓ-ರಿಂಗ್ ನೋಡಿಸಿ.

ಹಂತ 7: ಚೇಂಬರ್ ಬಿಚ್ಚುವಾಗ ಪಕ್ಕದಲ್ಲೇ ನಿಲ್ಲಿ

ಗೇಜ್ ಕಮ್ಮಿ ತೋರಿಸಿದರೆ ಮಾತ್ರ ಈ ಹಂತ. ಇದು ಗ್ಯಾರೇಜಿನ ಕೆಲಸ, ಆದರೆ ನೀವು ಅಲ್ಲೇ ಇರಬೇಕು.

ಬಿಚ್ಚುವ ಮೊದಲೇ ಚೇಂಬರಿನ ಹೊಟ್ಟೆ ನೋಡಿ. ಪುಣೆಯ ಸ್ಪೀಡ್ ಬ್ರೇಕರುಗಳ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ? ತಗಡಿನ ಚೇಂಬರ್ ಒಳಕ್ಕೆ ತಗ್ಗಾದರೆ ತಳ ಹೋಗಿ ಜಾಲರಿಗೆ ಒತ್ತಿಕೊಳ್ಳುತ್ತದೆ, ಆಯಿಲ್ ಎಳೆಯಲು ಸಂದಿಯೇ ಉಳಿಯುವುದಿಲ್ಲ. ಎಂಜಿನ್ನಿನೊಳಗೆ ಏನೂ ಕೆಟ್ಟಿರುವುದಿಲ್ಲ, ಹೊಸ ಚೇಂಬರ್ ಹಾಕಿದರೆ ಮುಗಿಯಿತು.

ಬಿಚ್ಚಿದ ಮೇಲೆ ಜಾಲರಿಯ ಫೋಟೋ ತೆಗೆದುಕೊಳ್ಳಿ. ಡಾಂಬರಿನಂಥ ಕೆಸರು ಮೆತ್ತಿದ್ದರೆ ಆಯಿಲ್ ತಡವಾಗಿ ಬದಲಿಸಿದ ಫಲ. ರಬ್ಬರ್ ಚೂರುಗಳಿದ್ದರೆ, ನಿಮ್ಮದು ಆಯಿಲಿನಲ್ಲೇ ಮುಳುಗಿ ತಿರುಗುವ ಟೈಮಿಂಗ್ ಬೆಲ್ಟಿನ ಎಂಜಿನ್ನೇ ಎಂದು ಕೇಳಿ, ಆ ಬೆಲ್ಟ್ ಕಿತ್ತು ಬರುತ್ತಿದೆ. ಗ್ಯಾಸ್ಕೆಟ್ ಪೇಸ್ಟಿನ ಚೂರುಗಳಿದ್ದರೆ ಹಿಂದೆ ಯಾರೋ ಕೈ ಧಾರಾಳ ಮಾಡಿದ್ದಾರೆ. ಈ ಸಲವೂ ಪೇಸ್ಟ್ ತೆಳುವಾಗಿ ಹಚ್ಚಲು ಹೇಳಿ.

ತಳದಲ್ಲಿ ಹೊಳೆಯುವ ಪುಡಿ ಇದ್ದರೆ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ. ಅಂಟದೆ ತಾಮ್ರದ ಬಣ್ಣದಲ್ಲೋ ಬೂದು ಬಣ್ಣದಲ್ಲೋ ಇದ್ದರೆ ಬೇರಿಂಗಿನ ಪದರ ಎದ್ದಿರುವ ಅನುಮಾನ. ಆಗ ಜಾಲರಿ ತೊಳೆದು ಮುಚ್ಚುವುದಕ್ಕೆ ಒಪ್ಪಬೇಡಿ, ಬೇರಿಂಗ್ ಬಿಚ್ಚಿ ನೋಡಿಸಿ. ಹಳೇ ಫಿಲ್ಟರನ್ನೂ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿದರೆ ಇದೇ ಸಾಕ್ಷಿ ಸಿಗುತ್ತದೆ.

ಕೆಲವರು ಈ ಹಂತ ತಪ್ಪಿಸಲು 20ಡಬ್ಲ್ಯೂ-50 ಆಯಿಲ್ ಹಾಕಿ ಲೈಟ್ ಆರಿಸುತ್ತಾರೆ. ದಪ್ಪ ಆಯಿಲಿನಿಂದ ಪ್ರೆಶರ್ ಏರುವುದು ನಿಜ. ಸವೆದ ಬೇರಿಂಗ್ ಹಾಗೇ ಇರುತ್ತದೆ, ಬೆಳಗಿನ ಸ್ಟಾರ್ಟಿನಲ್ಲಿ ಆಯಿಲ್ ಮೇಲೆ ತಲುಪುವುದು ತಡವಾಗುತ್ತದೆ. ಇದು ಗಾಡಿ ಮಾರುವವರ ಉಪಾಯ, ಇಟ್ಟುಕೊಳ್ಳುವವರದಲ್ಲ.

ಹಂತ 8: ಮುಚ್ಚಿದ ಮೇಲೆ

ಮೊದಲ ಸ್ಟಾರ್ಟಿನಲ್ಲಿ ಲೈಟ್ ಕೆಲವು ಸೆಕೆಂಡ್ ಜಾಸ್ತಿ ಉರಿಯಬಹುದು, ಖಾಲಿ ಫಿಲ್ಟರ್ ತುಂಬಬೇಕಲ್ಲ. ಹತ್ತು ಸೆಕೆಂಡಿಗೂ ಆರದಿದ್ದರೆ ಆಫ್ ಮಾಡಿ. ಆರುವವರೆಗೆ ರೇಸ್ ಕೊಡಬೇಡಿ. ಆರಿದ ಮೇಲೆ ಕೆಳಗೆ ಬಗ್ಗಿ ಸೋರಿಕೆ ನೋಡಿ, ಎಂಜಿನ್ ತಣಿದ ಮೇಲೆ ಮತ್ತೆ ಗೇಜ್ ಹಾಕಿ ಇನ್ನೊಮ್ಮೆ ಕಾದ ಲೆಕ್ಕ ಬರೆದುಕೊಳ್ಳಿ.

100 ಕಿಲೋಮೀಟರ್ ಆದಾಗ ಒಮ್ಮೆ, 500 ಆದಾಗ ಇನ್ನೊಮ್ಮೆ ಡಿಪ್‌ಸ್ಟಿಕ್ ನೋಡಿ. ಕೆಸರು ಸಿಕ್ಕಿದ್ದ ಎಂಜಿನ್ ಆದರೆ 1000 ಕಿಲೋಮೀಟರಿಗೇ ಆಯಿಲ್, ಫಿಲ್ಟರ್ ಮತ್ತೆ ಬದಲಿಸಿ. ಬೆಳಗಾವಿ–ಹುಬ್ಬಳ್ಳಿಯ ಪ್ರಯಾಣ ಅಲ್ಲಿಯವರೆಗೆ ಮುಂದೂಡಿದರೆ ಒಳ್ಳೆಯದು. ತೆಗೆದ ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಡಬ್ಬದಲ್ಲಿ ತುಂಬಿ ಗ್ಯಾರೇಜಿಗೇ ಕೊಡಿ.

ಮತ್ತೆ, ದಿನಾ ಚಾವಿ ತಿರುಗಿಸಿದಾಗ ಆ ಕೆಂಪು ಲೈಟ್ ಒಮ್ಮೆ ಬಂದು ಹೋಗುತ್ತದೆಯೇ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಂತೂ ಇದನ್ನು ಬಿಡಲೇಬಾರದು. ನಾನು ಕೊಂಡ ಒಂದು ಗಾಡಿಯಲ್ಲಿ ಮೂರು ತಿಂಗಳು ಆಯಿಲ್ ಲೈಟೇ ಬರಲಿಲ್ಲ. ಎಂಥ ಒಳ್ಳೆಯ ಎಂಜಿನ್ ಎಂದು ಬೀಗಿದ್ದೆ. ಫಿಲ್ಟರ್ ಬದಲಿಸಲು ಕೆಳಗೆ ನುಗ್ಗಿದಾಗ ನೋಡಿದರೆ, ಸ್ವಿಚ್ಚಿನ ವೈರು ಕಿತ್ತು, ಕಪ್ಪು ಟೇಪ್ ಸುತ್ತಿ, ಬ್ರಾಕೆಟ್ಟಿನ ಹಿಂದೆ ನೀಟಾಗಿ ಸಿಕ್ಕಿಸಿ ಇಟ್ಟಿದ್ದರು.